ಏಳನೇ ಇಯತ್ತೆಯ ಪ್ರಾರ್ಥನೆ

ಮುಂಡರಗಿಯ ಸಿಸ್ಟರ್ ಶಾಲೆಯಲ್ಲಿ ಏಳನೇ ಇಯತ್ತೆಯ ಮಕ್ಕಳು ಏನು ಓದುತ್ತಾರೆ ಎಂದು ಊರಲ್ಲಿ ಯಾರನ್ನಾದರೂ ಕೇಳಿ ನೋಡಿ. ಕನ್ನಡ, ಇಂಗ್ಲಿಷು, ಗಣಿತ, ವಿಜ್ಞಾನ ಎಂದು ಯಾರೂ ಬೆರಳು ಮಡಚುವುದಿಲ್ಲ. ಅದೆಲ್ಲ ಯಾವ ಶಾಲೆಯಲ್ಲಿಲ್ಲ? "ಏಳನೇತ್ತಾಕ ಬಂದ್ರ ಅಲ್ಲೆ ಮೈಕಿನ್ಯಾಗ ದೇವರ ಕೂಡ ಮಾತಾಡಾಕ ಕಲಸ್ತಾರ್ರಿ" ಎಂದು ಹೇಳಿ ನಗುತ್ತಾರೆ. ನಗುವಂಥದ್ದೇ ಹೌದು, ತಮ್ಮ ಮನೆಯ ಸುದ್ದಿ ಆ ಮೈಕಿನಲ್ಲಿ ಬರುವ ತನಕ.

ಸಂಗತಿ ಇಷ್ಟೆ. ಶಾಲೆ ಏಳನೆಯದಕ್ಕೆ ಮುಗಿಯುತ್ತದೆ. ಕ್ರೈಸ್ತರ ಮಕ್ಕಳು ಅಲ್ಲಿ ನಾಲ್ಕೈದು ಮಂದಿ ಇದ್ದರೆ ಹೆಚ್ಚು. ವಾರಕ್ಕೊಮ್ಮೆ ಅವರು ಧರ್ಮೋಪದೇಶಕ್ಕೆಂದು ಪಕ್ಕದ ಕೋಣೆಗೆ ಹೋಗುತ್ತಾರೆ. ಉಳಿದ ಲಿಂಗಾಯತರ, ಕುರುಬರ, ಮುಸಲ್ಮಾನರ ಮಕ್ಕಳಿಗೆ ಸಿಸ್ಟರ್ ಲವೀನಾ ನೀತಿಪಾಠ ಹೇಳುತ್ತಾರೆ. ಕೊನೆಯ ವರ್ಷದ ನೀತಿಪಾಠವೆಂದರೆ ಒಂದೇ: ಸ್ವಂತ ಮಾತಿನಲ್ಲಿ ಪ್ರಾರ್ಥನೆ ಮಾಡುವುದು. ವರ್ಷದಲ್ಲಿ ಒಂದು ಮುಂಜಾನೆ ಏಳನೆಯ ಪ್ರತಿ ಮಗುವಿಗೂ ಸರದಿ ಬರುತ್ತದೆ, ಇಡೀ ಶಾಲೆಯ ಎದುರು ಮೈಕು ಹಿಡಿದು ನಿಲ್ಲಬೇಕು. ಯಾವ ದೇವರನ್ನಾದರೂ ಕರೆಯಬಹುದು, ಸಿಸ್ಟರಿಗೆ ಅದರ ತಕರಾರಿಲ್ಲ. ಆದರೆ ಬೇಕಾದದ್ದನ್ನು ಹೆಸರು ಹಿಡಿದು ಕೇಳಬೇಕು, ಕೇಳಿದ್ದು ಖರೆ ಇರಬೇಕು. ಮುಗಿದ ಕೂಡಲೇ ಮಕ್ಕಳೆಲ್ಲ ಒಂದೇ ದನಿಯಲ್ಲಿ "ದೇವರೇ, ನಮ್ಮ ಮೊರೆ ಕೇಳು" ಅನ್ನಬೇಕು. ಶಾಲೆಯ ಮಾಳಿಗೆಯ ಮೇಲೊಂದು ಹಾರ್ನು ಉಂಟು. ತಡವಾಗಿ ಬರುವ ಮಕ್ಕಳು ಪ್ರಾರ್ಥನೆ ಕಿವಿಗೆ ಬಿದ್ದಾದರೂ ಓಡಿ ಬರಲಿ ಎಂದು ಹಾಕಿಸಿದ್ದು. ಮಕ್ಕಳಿಗಿಂತ ಹಿಂದಿನ ಓಣಿಯ ಹೆಂಗಸರಿಗೇ ಅದರಿಂದ ಹೆಚ್ಚು ಉಪಕಾರವಾಗಿತ್ತು. ಯಾರ ಮನೆಯಲ್ಲಿ ಯಾರು ಕುಡಿಯುತ್ತಾರೆ, ಯಾರ ಎಮ್ಮೆ ಗಬ್ಬ ನಿಂತಿಲ್ಲ, ಎಲ್ಲವೂ ಮನೆಬಾಗಿಲಿಗೇ ಬರುತ್ತಿತ್ತು.

ಆ ಹಿಂದಿನ ಓಣಿಯಲ್ಲೇ ನಿಶಾತಳ ಮನೆ. ಅವಳ ಅಪ್ಪ ಖಾಸಿಂಸಾಬ ಪಿಂಜಾರ, ಹತ್ತಿ ಹಿಂಜಿ ಗಾದಿ ತುಂಬುವುದು ಮನೆತನದ ಕೆಲಸ. ಈಗ ಹಿಂಜುವುದಕ್ಕೆ ಮಷಿನ್ನು ಬಂದಿದೆ, ಅದನ್ನು ಅಣ್ಣ ಇನಾಯತ ನೋಡಿಕೊಳ್ಳುತ್ತಾನೆ. ತುಂಬಿದ ಗಾದಿಗೆ ಉದ್ದ ಸೂಜಿಯಿಂದ ದಾರ ಹಾಕುವುದು ನಿಶಾತಳ ಪಾಲಿಗೆ ಬಂದಿತ್ತು. ಕೈ ಚುರುಕು, ಮಾತೂ ಚುರುಕು, ನೋಡಲಿಕ್ಕೆ ಲಕ್ಷಣವಾಗಿದ್ದಳು. ವಯಸ್ಸು ಇಪ್ಪತ್ತೈದು ದಾಟಿತ್ತು, ಲಗ್ನವಾಗಿರಲಿಲ್ಲ.

ಅವಳೂ ಅದೇ ಶಾಲೆಯಲ್ಲಿ ಏಳನೆಯದು ಓದಿದವಳು. ಅದು ಗದಗ ಹೊಸ ಜಿಲ್ಲೆಯಾದ ವರ್ಷ. ಪುಸ್ತಕದಲ್ಲಿ ಮುಂಡರಗಿ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ಸಿಸ್ಟರು ಎಲ್ಲರ ಕೈಯಿಂದಲೂ ಅದನ್ನು ಹೊಡೆದು ಹಾಕಿಸಿ, ಮೇಲೆ ಗದಗ ಎಂದು ಬರೆಸಿದ್ದರು. ಆ ವರ್ಷ ನಿಶಾತ ಮೈಕು ಹಿಡಿದು, "ಅಲ್ಲಾ, ನಮ್ಮಪ್ಪ ನನ್ನ ಎಂಟನೇತ್ತಾಕ ಹಚ್ಚಲಿ" ಎಂದು ಕೇಳಿದ್ದಳು. ಅಂಗಳದಲ್ಲಿ ಹತ್ತಿ ಹಿಂಜುತ್ತ ಕೂತಿದ್ದ ಖಾಸಿಂಸಾಬನ ಕಿವಿಗೆ ಅದು ಹಾರ್ನಿನಿಂದ ಬಂದು ಬಡಿಯಿತು. ಓಣಿಯವರೆಲ್ಲ ಅವನ ಮುಖ ನೋಡಿದರು. ಮಗಳನ್ನು ಮನೆಯಲ್ಲಿ ಕೂಡಿಸಬೇಕೆಂದಿದ್ದವನು ಮರ್ಯಾದೆಗೆ ಅಂಜಿ ಜೂನಿನಲ್ಲಿ ಹೈಸ್ಕೂಲಿಗೆ ಹಚ್ಚಿದ. "ದೇವರು ಕೇಳಿದ್ನೋ ಬಿಟ್ನೋ, ನಮ್ಮಪ್ಪಂತೂ ಕೇಳಿದ" ಎಂದು ನಿಶಾತ ಇವತ್ತಿಗೂ ನಗುತ್ತಿದ್ದಳು.

ಆ ಎಂಟನೆಯದರಲ್ಲೇ, ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದಾಗ ಅವಳು ಬಿದ್ದಳು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ. ಯಾರೋ ಓಡಿ ಬಂದು ಕೈಯಲ್ಲಿ ಕಬ್ಬಿಣದ ಕೀಲಿ ಹಿಡಿಸಿದರು. ಎಚ್ಚರಾದಾಗ ಇಡೀ ವರ್ಗದ ಹುಡುಗಿಯರು ಗೋಡೆಗೆ ಅಂಟಿಕೊಂಡು ಅವಳನ್ನೇ ನೋಡುತ್ತಿದ್ದರು. ಆಮೇಲೆ ಅವಳು ಶಾಲೆಯ ಮುಖ ನೋಡಲಿಲ್ಲ.

ಗದಗಿನ ಡಾಕ್ಟರರ ಗುಳಿಗೆ ಹಿಡಿಯಿತು. ಹೊತ್ತಿಗೆ ಸರಿಯಾಗಿ ನುಂಗಿ, ಸರಿಯಾಗಿ ನಿದ್ದೆ ಮಾಡಿದರೆ ವರ್ಷಗಟ್ಟಲೆ ಫಿಟ್ಸ್ ಹತ್ತಿರ ಸುಳಿಯುತ್ತಿರಲಿಲ್ಲ. ಆದರೆ ಊರಿಗೆ ಗುಳಿಗೆಯ ಲೆಕ್ಕ ಯಾಕೆ ಬೇಕು? ಗೊತ್ತಿದ್ದವರು ಹೆಣ್ಣು ಕೇಳಲಿಕ್ಕೆ ಬರಲಿಲ್ಲ, ಗೊತ್ತಿಲ್ಲದೆ ಬಂದವರು ಗೊತ್ತಾದ ಮೇಲೆ ಉಳಿಯಲಿಲ್ಲ. ಕೊನೆಕೊನೆಗೆ ಓಣಿಯವರೂ ಆ ಮಾತು ಮರೆತು ಬಿಟ್ಟಿದ್ದರು. ಅವಳ ಅವ್ವ ಮಾಸುಮಬಿ ಮಾತ್ರ ಒಂದು ದಿನವೂ ಮರೆತಿರಲಿಲ್ಲ.

ಅಷ್ಟರಲ್ಲಿ ಲಕ್ಷ್ಮೇಶ್ವರದ ಸಂಬಂಧ ಬಂತು. ಹುಡುಗ ಮೊಹಸಿನ, ಬಜಾರದಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ ಇಟ್ಟಿದ್ದ. ಅವನ ಅಕ್ಕ ದಾವಲಬಿ ಮುಂಡರಗಿಯಲ್ಲೇ ಇದ್ದಳು. ಅವಳ ಗಂಡ ಬಸ್ಸಿನ ಡ್ರೈವರ್, ವರ್ಗವಾಗಿ ಈ ಊರಿಗೆ ಬಂದು ಬಹಳ ದಿನವಾಗಿರಲಿಲ್ಲ, ಹಾಗಾಗಿ ಹಳೆಯ ಸುದ್ದಿ ಅವರಿಗೆ ತಿಳಿದಿರಲಿಲ್ಲ. ಗಾದಿ ಮಾಡಿಸಲಿಕ್ಕೆ ಬಂದ ದಾವಲಬಿ ನಿಶಾತಳನ್ನು ಕಂಡು, "ನಮ್ಮ ತಮ್ಮಗ ಇಂಥಾಕೀನ ಬೇಕಾಗಿತ್ತು" ಎಂದು ಅಲ್ಲೇ ಕೂತು ಮಾತು ತೆಗೆದಳು. ಎರಡೂ ಕಡೆ ಒಪ್ಪಿಗೆಯಾಯಿತು, ಕಾರ್ಡು ಹಂಚಿ ಆಯಿತು, ನಿಕಾಹಕ್ಕೆ ವಾರವೊಂದೇ ಉಳಿಯಿತು.

ಮೊಹಸಿನ ದಿನಾ ಸಂಜೆ ಫೋನು ಮಾಡುತ್ತಿದ್ದ. ಮೊದಮೊದಲು "ಊಟ ಆತೇನ್ರಿ?" ಅಂದರೆ ಮುಂದೆ ಮಾತೇ ಹೊರಡುತ್ತಿರಲಿಲ್ಲ, ಪುಣ್ಯಾತ್ಮನಿಗೆ. ಆಮೇಲೆ ಬಾಯಿ ಸಡಿಲಾಯಿತು. ಅಂಗಡಿಗೆ ಬಂದವರ ಜಗಳ, ಸುಟ್ಟ ತಂತಿಯ ವಾಸನೆಗೆ ತನಗೆ ಬರುವ ತಲೆಶೂಲೆ, ಎಲ್ಲವನ್ನೂ ಹೇಳುತ್ತಿದ್ದ. "ನೀವೂ ಏನರೆ ಹೇಳ್ರಿ, ನಾನ ಬಡಬಡಿಸಾಕತ್ತೀನಿ" ಅನ್ನುತ್ತಿದ್ದ. ನಿಶಾತಳಿಗೆ ಅವನ ಮೇಲೆ ಜೀವ ಬಂದುಬಿಟ್ಟಿತ್ತು. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಳು. ಪ್ರತಿ ಸಲವೂ ಮಾತು ಹತ್ತಿಯ ಸುದ್ದಿಗೆ ಹೊರಳುತ್ತಿತ್ತು.

"ಅವ್ವಾ, ಹೇಳಿಬಿಡೂಣೇನ ಅವರಿಗೆ?" ಎಂದು ಒಮ್ಮೆ ಕೇಳಿದಳು.

ಮಾಸುಮಬಿ ಸೆರಗು ಬಾಯಿಗೆ ಒತ್ತಿಕೊಂಡು ಹತ್ತಿರ ಬಂದಳು. "ಹೇಳಿದಾಗೆಲ್ಲ ಏನಾತು ಅನ್ನೂದು ನೋಡೀಯಿಲ್ಲ? ನಿನ್ನ ಕಾಲು ಹಿಡೀತೀನಿ, ಲಗ್ನ ಒಂದ ಆಗಲಿ. ಆಮ್ಯಾಲೆ ಗಂಡ ಹೆಂಡ್ತಿ ಬೇಕಾದ್ದು ಹೇಳ್ಕೋರಿ." ಮನೆಯವರನ್ನೆಲ್ಲ ಕೂಡಿಸಿ, ಇನಾಯತನ ಮಗಳು ಕೌಸರಳನ್ನೂ ಎದುರಿಗೆ ನಿಲ್ಲಿಸಿಕೊಂಡು, "ನಿಮ್ಮತ್ತೀದು ಫಿಟ್ಸಿನ ಸುದ್ದಿ ಯಾರ ಮುಂದೂ ಬಾಯಿ ಬಿಡಬ್ಯಾಡ, ತಿಳೀತಿಲ್ಲ?" ಎಂದು ಆಣೆ ಹಾಕಿಸಿಕೊಂಡಳು. ಕೌಸರ ತಲೆ ಅಲ್ಲಾಡಿಸಿದಳು. ಅವಳು ಆಗ ಏಳನೇ ಇಯತ್ತೆಯಲ್ಲಿದ್ದಳು, ಒಂದು ಮಾತು ಕೊಟ್ಟರೆ ಉಳಿಸಿಕೊಳ್ಳುವ ಹುಡುಗಿ.

ಶನಿವಾರ ಕೌಸರಳ ಸರದಿ. ಎರಡು ದಿನ ಮುಂಚೆ ಮುಖ ಸಣ್ಣದು ಮಾಡಿಕೊಂಡು ಬಂದು, ಗಾದಿಗೆ ದಾರ ಹಾಕುತ್ತಿದ್ದ ನಿಶಾತಳ ಪಕ್ಕದಲ್ಲಿ ಕೂತಳು.

"ಜಗತ್ತಿಗೆ ಶಾಂತಿ ಸಿಗಲಿ ಅಂತ ಕೇಳ್ತೀನ್ರಿ ಅಂದ್ನಿ. ಸಿಸ್ಟರ್ ನಕ್ಕಬಿಟ್ರು ಅತ್ತಿ. 'ಅದು ಭಾಷಣ ಮಗಾ, ಪ್ರಾರ್ಥನೆ ಅಲ್ಲ. ನಿನಗೆ ನಿಜವಾಗಿ ಏನು ಬೇಕು?' ಅಂತಾರ."

ನಿಶಾತಳ ಲಕ್ಷ್ಯ ಸೂಜಿಯ ಮೇಲೂ ಇರಲಿಲ್ಲ, ಹುಡುಗಿಯ ಮೇಲೂ ಇರಲಿಲ್ಲ, ಸಂಜೆಯ ಫೋನಿನ ಮೇಲಿತ್ತು. "ಸಿಸ್ಟರ್ ಹೇಳಿದ್ದು ಖರೆ ಐತಿ. ದಿನಾ ಮನಸಿನ್ಯಾಗ ಏನ ಬೇಡ್ಕೋತಿ, ಅದನ್ನ ಕೇಳು. ಮಂದಿ ಮುಂದ ಹೇಳಾಕ ಬಾರದ್ದನ್ನ ದೇವರ ಮುಂದ ಹೇಳಬೇಕವಾ. ಅದಕ್ಕಂತನ ಅಲ್ಲೇನ ಅಂವ ಇರೂದು?" ಎಂದು ದಾರ ಕಚ್ಚಿ ಹರಿದಳು.

ಕೌಸರಳ ಮುಖ ಅರಳಿತು. "ಹೌದಲ್ಲ" ಎಂದು ಎದ್ದು ಹೋದಳು. ಆಗಲಾದರೂ ಏನು ಕೇಳುತ್ತೀ ಎಂದು ಒಂದು ಮಾತು ವಿಚಾರಿಸಬಾರದಿತ್ತೆ? ನಿಶಾತ ವಿಚಾರಿಸಲಿಲ್ಲ.

ಶನಿವಾರ ಮುಂಜಾನೆ ಶಾಲೆ. ನಿಶಾತ ಅಂಗಳದಲ್ಲಿ ತನ್ನ ಲಗ್ನದ ಗಾದಿಗೇ ದಾರ ಹಾಕುತ್ತ ಕೂತಿದ್ದಳು. ಮಾಸುಮಬಿ ಅಕ್ಕಿ ಆರಿಸುತ್ತಿದ್ದಳು. ಎದುರು ಮನೆಯ ಕಳಕವ್ವ ಬಾಗಿಲಿಗೆ ನೀರು ಹಾಕುತ್ತಿದ್ದಳು. ಹಾರ್ನು ಎರಡು ಸಲ ಕೊರ್ ಎಂದು ಗಂಟಲು ಸರಿಮಾಡಿಕೊಂಡಿತು.

"ನಮ್ಮ ಕೌಸರ!" ಎಂದು ಮಾಸುಮಬಿ ಅಕ್ಕಿ ಬಿಟ್ಟು ಕಿವಿಗೊಟ್ಟಳು. ಹಿಗ್ಗು ಹಿಡಿಸಲಾರದೆ ಕಳಕವ್ವನನ್ನೂ ಕರೆದಳು: "ಕಳಕವ್ವ, ಕೇಳಬೇ, ನಮ್ಮ ಹುಡುಗಿ!"

ಕೌಸರಳ ದನಿ ಸ್ಪಷ್ಟವಾಗಿತ್ತು, ಒಂದು ಚೂರೂ ನಡುಗಲಿಲ್ಲ.

"ಅಲ್ಲಾ, ನಾಳೆ ಬಿಟ್ಟು ಬರೋ ಐತವಾರ ನಮ್ಮ ನಿಶಾತ ಅತ್ತೀದು ನಿಕಾಹ ಐತಿ. ಅವತ್ತು ಆಕಿಗೆ ಫಿಟ್ಸ್ ಬರಬಾರದು. ಲಗ್ನ ಆದಮ್ಯಾಲೂ ಬರಬಾರದು. ಒಂದು ವ್ಯಾಳೆ ಬಂದ್ರ ಮೊಹಸಿನ ಮಾಮಾ ಅಂಜಬಾರದು. ಇದನ್ನ ಯಾರಿಗೂ ಹೇಳಬ್ಯಾಡ ಅಂತ ನಮ್ಮಜ್ಜಿ ಹೇಳ್ಯಾಳ. ನಿನಗಷ್ಟ ಹೇಳಾಕತ್ತೀನಿ."

ಆಮೇಲೆ ಶಾಲೆಯ ಮಕ್ಕಳೆಲ್ಲ, ದೊಡ್ಡವರು ಸಣ್ಣವರು ಕೂಡಿ, ಗಂಟಲು ಬಿಚ್ಚಿ ಕೂಗಿದರು: "ದೇವರೇ, ನಮ್ಮ ಮೊರೆ ಕೇಳು."

ಆ ಮಕ್ಕಳಲ್ಲಿ ಐದನೆಯದರಲ್ಲಿದ್ದ ದಾವಲಬಿಯ ಮಗಳೂ ಇದ್ದಳು.

ನಿಶಾತಳಿಗೆ ಈಗಲೇ ಫಿಟ್ಸ್ ಬಂದುಬಿಡುತ್ತದೇನೋ ಅನ್ನಿಸಿತು. ಬರಲಿಲ್ಲ. ಕಳಕವ್ವ ಕೊಡ ಕೈಯಲ್ಲಿ ಹಿಡಿದವಳು ಹಾಗೆಯೇ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು, ಒಳ್ಳೆಯ ಹೆಂಗಸು. ಮಾಸುಮಬಿ ತಲೆ ಚಚ್ಚಿಕೊಂಡಳು. "ಯಾ ಅಲ್ಲಾ, ಮನಿ ಹಾಳ ಮಾಡಿದಳಲ್ಲೋ ಇಕಿ!"

ಇನಾಯತ ಚಪ್ಪಲಿಯನ್ನೂ ಮೆಟ್ಟದೆ ಶಾಲೆಗೆ ಓಡಿದ. ಆಫೀಸಿನಲ್ಲಿ ನಿಂತು, ಹುಡುಗಿ ಏನೇನೋ ಕಲ್ಪಿಸಿಕೊಂಡು ಸುಳ್ಳು ಹೇಳಿದ್ದಾಳೆ, ನಮ್ಮ ತಂಗಿಗೆ ಯಾವ ರೋಗವೂ ಇಲ್ಲ ಎಂದು ಕೂಗಾಡಿದ. ಸಿಸ್ಟರ್ ಲವೀನಾ ಗಾಬರಿಯಾಗಿದ್ದರು. "ಕೌಸರ ಸುಳ್ಳು ಹೇಳುವ ಮಗು ಅಲ್ಲ ಇನಾಯತರೇ" ಅಂದರು. "ನಮ್ಮ ಮನಿ ಹುಡುಗಿ, ನಮಗ ಗೊತ್ತಿಲ್ಲೇನ್ರಿ?" ಎಂದು ಇವನು ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದ.

ಹೊಸ್ತಿಲು ದಾಟಿದ ಕೂಡಲೇ ಮಾಸುಮಬಿ ಕಪಾಳಕ್ಕೆ ಕೊಟ್ಟಳು. "ಆಣಿ ಮಾಡಿದ್ದಿಲ್ಲೇನ? ಯಾರಿಗೂ ಹೇಳಂಗಿಲ್ಲ ಅಂದಿದ್ದಿಲ್ಲೇನ?"

"ನಾ ಯಾರಿಗೂ ಹೇಳಿಲ್ಲಜ್ಜಿ" ಎಂದು ಕೌಸರ ಕೆನ್ನೆ ಹಿಡಿದುಕೊಂಡು ನಿಂತಳು. "ಅಲ್ಲಾಗ ಹೇಳೀನಿ. ಅತ್ತೀನ ಹೇಳಂದ್ಲು."

ಎಲ್ಲರೂ ನಿಶಾತಳ ಕಡೆ ತಿರುಗಿದರು. ಅವಳು ಏನೆಂದಾಳು? ಹೌದು, ಹೇಳೆಂದಿದ್ದಳು.

ಮೂಲೆಯಲ್ಲಿ ಕೂತಿದ್ದ ಖಾಸಿಂಸಾಬ ಮೆಲ್ಲಗೆ ಬಾಯಿ ತೆರೆದ. "ಆದದ್ದಾತು. ದಾವಲಬಿ ಬಂದ್ರ ಖರೆ ಏನೈತಿ ಹೇಳಿಬಿಡೂಣು. ಇನ್ನೂ ಎಷ್ಟಂತ ಮುಚ್ಚೂದು?"

"ನೀವು ಸುಮ್ಮನ ಕುಂಡ್ರಿ!" ಎಂದು ಮಾಸುಮಬಿ ಹರಿಹಾಯ್ದಳು. "ಹುಡುಗಿ ಏನೋ ಅಂದಾಳ. ಹುಡುಗಿ ಕೈಲೇ ಸುಳ್ಳಂತ ಹೇಳಿಸಿದ್ರ ಆತು." ಮುದುಕ ಮಗಳ ಮುಖ ನೋಡಿದ. ನಿಶಾತ ಒಂದು ಮಾತು "ಅಪ್ಪಾ ಹೇಳೂದು ಬರೋಬ್ಬರಿ ಐತಿ" ಅಂದಿದ್ದರೆ ಅವನೂ ಗಟ್ಟಿಯಾಗಿ ನಿಲ್ಲುತ್ತಿದ್ದನೇನೋ. ಅವಳಿಗೆ ಮೊಹಸಿನ ಬೇಕಾಗಿದ್ದ. ಕೈ ಬಿಟ್ಟು ಹೋಗುತ್ತಾನೆಂಬ ಭಯಕ್ಕೆ ಅವಳ ನಾಲಗೆ ಏಳಲಿಲ್ಲ.

ಮಧ್ಯಾಹ್ನವೆಲ್ಲ ಮಾಸುಮಬಿ ಕೌಸರಳನ್ನು ಎದುರಿಗೆ ಕೂಡಿಸಿಕೊಂಡು ಪಾಠ ಹೇಳಿದಳು. ಏನನ್ನಬೇಕು, ಕಣ್ಣು ಎಲ್ಲಿಡಬೇಕು, ಯಾವಾಗ ಅಳಬೇಕು. ಸಿಸ್ಟರು ವರ್ಷವೆಲ್ಲ ಹೇಳಿದ್ದನ್ನು ಅಜ್ಜಿ ಒಂದು ಮಧ್ಯಾಹ್ನದಲ್ಲಿ ಅಳಿಸಿ ಹಾಕಿದಳು. ಹುಡುಗಿ ಒಮ್ಮೆ ಮಾತ್ರ ಕೇಳಿದಳು, "ಅತ್ತಿ, ಹೇಳ್ಲೇನ?" ಎಂದು. ನಿಶಾತ, "ಅಜ್ಜಿ ಹೇಳಿದಂಗ ಕೇಳವಾ" ಅಂದಳು.

ಬಿಸಿಲು ಇಳಿಯುವ ಹೊತ್ತಿಗೆ ದಾವಲಬಿ ಬಂದಳು. ಮಗಳನ್ನು ಕರೆತಂದಿರಲಿಲ್ಲ, ಮುಖದಲ್ಲಿ ಸಿಟ್ಟೂ ಇರಲಿಲ್ಲ. ಚಹಾ ಕೈಗೆ ಬಂದ ಮೇಲೆ ಮಾತು ತೆಗೆದಳು.

"ನಮ್ಮ ಹುಡುಗಿ ಶಾಲಿಂದ ಬಂದು ಏನೋ ಹೇಳಿದ್ಲು. ನೋಡ್ರಿ ಮಾಸುಮಬಿ, ಖರೆ ಇದ್ರ ಖರೆ ಐತಿ ಅನ್ರಿ. ಅದಕ್ಕಂತ ನಾ ಎದ್ದು ಹೋಗಾಕಿ ಅಲ್ಲ. ಮನುಷ್ಯರಂದಮ್ಯಾಲೆ ರೋಗ ರುಜಿನ ಇರೂದ. ತಿಳಕೊಂಡು ಹೋಗಾಕ ಬಂದೀನಿ ಅಷ್ಟ."

ಎಷ್ಟು ಮೆತ್ತಗೆ ಕೇಳಿದಳೆಂದರೆ ಮಾಸುಮಬಿಗೆ ಅದರಲ್ಲೇ ಬಲೆ ಕಂಡಿತು. ಹಿಂದೆ ಬಂದವರೂ ಹೀಗೇ ಮೆತ್ತಗೆ ಮಾತಾಡಿ, ಖರೆ ಬಾಯಿ ಬಿಡಿಸಿಕೊಂಡು, ಮರುದಿನ ಬೇರೆಯವರ ಕೈಲಿ ಹೇಳಿ ಕಳಿಸಿದ್ದರು. "ಯಾ ಖರೇರಿ? ಈ ಹುಡುಗಿಗೆ ಟೀವಿ ನೋಡಿ ನೋಡಿ ತಲಿ ಕೆಟ್ಟೈತಿ. ಕೌಸರ, ಬಾ ಇಲ್ಲೆ. ನೀನ ಹೇಳು."

ಕೌಸರ ಬಂದು ನಿಂತಳು. ಶಾಲೆಯ ಸಮವಸ್ತ್ರ ಇನ್ನೂ ಮೈಮೇಲಿತ್ತು. ಮೊದಲು ನಿಶಾತಳ ಕಡೆ ನೋಡಿದಳು. ನಿಶಾತ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು ನೆಲ ನೋಡಿದಳು.

"ನಾ ಸುಳ್ಳು ಹೇಳಿದ್ದೆ" ಅಂದಳು ಕೌಸರ. "ಎಲ್ಲಾರೂ ದೊಡ್ಡ ದೊಡ್ಡದು ಕೇಳ್ತಾರ. ನಾನೂ ದೊಡ್ಡದು ಕೇಳಬೇಕು ಅಂತ ಹೇಳಿದೆ. ನಮ್ಮತ್ತಿಗೆ ಏನೂ ಇಲ್ಲ."

ದಾವಲಬಿ ಹುಡುಗಿಯನ್ನೇ ಬಹಳ ಹೊತ್ತು ನೋಡಿದಳು. "ನಿಮ್ಮತ್ತಿಗೆ ಏನೂ ಇಲ್ಲ, ಹೌದಿಲ್ಲೋ?" ಎಂದು ಈ ಸಲ ನಿಶಾತಳಿಗೇ ಕೇಳಿದಂತೆ ಕೇಳಿದಳು. ನಿಶಾತ ತಲೆ ಎತ್ತಲಿಲ್ಲ. ದಾವಲಬಿ ಅರ್ಧ ಚಹಾ ಬಿಟ್ಟು ಎದ್ದಳು. "ಆತು ಬಿಡ್ರಿ, ಬರ್ತೀನಿ."

ಆಕೆ ಓಣಿ ದಾಟಿದ ಮೇಲೆ ಮಾಸುಮಬಿಗೆ ಹೋದ ಜೀವ ಬಂದಂತಾಯಿತು. ಕೌಸರಳನ್ನು ತಬ್ಬಿಕೊಂಡು, ಹೊಡೆದ ಕೆನ್ನೆಗೇ ಮುತ್ತು ಕೊಟ್ಟು, "ನನ್ನ ಬಂಗಾರ" ಅಂದಳು. ಇನಾಯತ ಹೋಗಿ ಮಿರ್ಚಿಭಜಿ ಕಟ್ಟಿಸಿಕೊಂಡು ಬಂದ. ಖಾಸಿಂಸಾಬ ಮಾತ್ರ ಮಸೀದಿಗೆಂದು ಹೊರಟುಹೋದ, ನಮಾಜಿನ ಹೊತ್ತು ಇನ್ನೂ ಆಗಿರಲಿಲ್ಲ.

ಕೌಸರ ಭಜಿ ಮುಟ್ಟಲಿಲ್ಲ. ಗಾದಿಗಳ ರಾಶಿಯ ಹಿಂದೆ ಮೊಣಕಾಲಿಗೆ ಮುಖ ಕೊಟ್ಟು ಕೂತಿದ್ದಳು. ನಿಶಾತ ಹೋಗಿ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಳು. ಹೊಡೆತದ ನೋವಿಗೆ ಅಳುತ್ತಿದ್ದಾಳೆ, ನಾಲ್ಕು ಸಮಾಧಾನದ ಮಾತು ಹೇಳಿದರಾಯಿತು ಅಂದುಕೊಂಡಿದ್ದಳು.

"ಅತ್ತಿ, ನಾ ಕೇಳಿದ್ದು ಸುಳ್ಳು ಅಂತ ಈಗ ಅಂದೆನಲ್ಲ" ಎಂದಳು ಕೌಸರ. "ಅಲ್ಲಾನೂ ಅದನ್ನ ಸುಳ್ಳಂತ ತಿಳಕೊಂಡ್ರ? ಈ ಹುಡುಗಿ ಖರೇನ ಕೇಳಿದ್ದಿಲ್ಲ ಅಂತ ಬಿಟ್ಟಬಿಟ್ರ? ನಿನಗ ಫಿಟ್ಸ್ ಬಂದ್ರ ಅದು ನನ್ನಿಂದ ಹೌದಿಲ್ಲೋ?"

ಹದಿಮೂರು ತುಂಬದ ಹುಡುಗಿ. ನಿಶಾತಳ ಲಗ್ನದ ಚಿಂತೆ ಅವಳಿಗಿರಲಿಲ್ಲ, ತಿಂದ ಪೆಟ್ಟಿನ ಚಿಂತೆಯೂ ಇರಲಿಲ್ಲ. ಅವಳು ಹೆದರಿದ್ದು ಅತ್ತೆಗೆ ಫಿಟ್ಸ್ ಬಂದೀತೆಂದು. ಅಂಥವಳನ್ನು ಎಲ್ಲರೆದುರು ಸುಳ್ಳಿ ಮಾಡಿ ತಾನು ನೆಲ ನೋಡುತ್ತ ಕೂತಿದ್ದೆನಲ್ಲ ಎಂದು ನಿಶಾತಳಿಗೆ ತನ್ನ ಮೇಲೇ ಹೇಸಿಗೆ ಬಂತು.

"ಏಳು" ಅಂದಳು. "ಮುಖ ತೊಳಕೋ. ದಾವಲಬಿ ಮನಿಗೆ ಹೋಗೂಣು."

"ಯಾಕ?"

"ನೀ ಹೇಳಿದ್ದು ಖರೆ ಅಂತ ಹೇಳಿಬರೂಣು."

ಮಾಸುಮಬಿ ಅಡುಗೆ ಮನೆಯಲ್ಲಿದ್ದಳು. ಇಬ್ಬರೂ ಹಿತ್ತಲ ಬಾಗಿಲಿಂದ ಹೊರಬಿದ್ದು, ಬಸ್ ಸ್ಟ್ಯಾಂಡಿನ ಹಿಂದಿನ ಬಾಡಿಗೆ ಮನೆಗಳ ಸಾಲಿಗೆ ನಡೆದರು. ದಾರಿಯಲ್ಲಿ ಕೌಸರ ಅವಳ ಕೈ ಬಿಡಲಿಲ್ಲ. ನಿಶಾತ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಒಂದು ಆಸೆ ಇನ್ನೂ ಉಳಿದಿತ್ತು: ದಾವಲಬಿ ಒಳ್ಳೆಯವಳು, ರೋಗಕ್ಕಂತ ಎದ್ದು ಹೋಗುವವಳಲ್ಲ ಎಂದು ತಾನೇ ಅಂದಿದ್ದಾಳೆ.

ದಾವಲಬಿ ಬಾಗಿಲಲ್ಲಿ ಇವರನ್ನು ಕಂಡು ಒಳಗೆ ಕರೆದಳು, ಕೂಡು ಅನ್ನಲಿಲ್ಲ. ನಿಶಾತ ನಿಂತುಕೊಂಡೇ ಹೇಳಿದಳು. ಎಂಟನೆಯದರಲ್ಲಿ ಬಿದ್ದದ್ದು, ಗದಗಿನ ಡಾಕ್ಟರು, ಗುಳಿಗೆ, ಎಲ್ಲ. "ಕೌಸರ ಮುಂಜಾನೆ ಹೇಳಿದ್ದು ಖರೆ ಅಕ್ಕಾರ. ಆಮ್ಯಾಲಿಂದು ನಾವು ಹೇಳಿಸಿದ್ದು."

ದಾವಲಬಿಯ ಕಣ್ಣಲ್ಲಿ ನೀರು ಬಂತು. "ಈಗ ಬಂದೇನ ನಿಶಾತ? ಆಗ ನಿನ್ನ ಮುಖಾನ ನೋಡಿ ಕೇಳಿದ್ನಲ್ಲ. ಒಂದು ಸಲ ತಲಿ ಎತ್ತಿದ್ರ ಸಾಕಾಗಿತ್ತು." ಮೊಬೈಲು ತೆಗೆದು ತಮ್ಮನಿಗೆ ಹಚ್ಚಿ ಇವಳ ಕೈಗೆ ಕೊಟ್ಟಳು. "ನಾ ಏನೂ ಹೇಳಾಕಿ ಅಲ್ಲ. ಅಂವಗ ನೀನ ಹೇಳು."

ನಿಶಾತ ಮತ್ತೆ ಮೊದಲಿಂದ ಹೇಳಿದಳು. ಮೊಹಸಿನ ನಡುವೆ ಬಾಯಿ ಹಾಕಲಿಲ್ಲ. ಹಿಂದೆ ಅಂಗಡಿಯಲ್ಲಿ ಯಾವುದೋ ಮೋಟಾರು ತಿರುಗುತ್ತಿತ್ತು, ಅದನ್ನು ಬಂದ್ ಮಾಡಿದ ಸಪ್ಪಳ ಕೇಳಿಸಿತು.

"ನನಗ ಮಧ್ಯಾಹ್ನದಾಗ ಗೊತ್ತಾಗಿತ್ರಿ" ಅಂದ. "ಅಕ್ಕ ಫೋನ್ ಮಾಡಿದ್ಲು. ಮೊದಲ ಎದಿ ಒಡದಂಗ ಆತು. ಆಮ್ಯಾಲೆ ನೆನಪಾತು, ನಮ್ಮ ದೋಸ್ತ ಒಬ್ಬಂಗೆ ಐತಿ, ಗುಳಿಗಿ ತಗೊಂಡು ಆರಾಮ ಅದಾನ. ಇದ್ರ ಇರಲಿ, ನೀ ಹೋಗಿ ಕೇಳಿ ಬಾ, ಖರೆ ಹೇಳಿದ್ರ ಮುಗೀತು, ಲಗ್ನ ನಿಲ್ಲೂದು ಬ್ಯಾಡ ಅಂತ ನಾನ ಅಕ್ಕನ್ನ ಕಳಿಸಿದ್ದೆ."

ಅವನೇ ಮುಂದೆ ಕೇಳಿದ.

"ಅಕ್ಕ ಕೇಳಿದಾಗ ನೀವೂ ಅಲ್ಲೇ ಇದ್ರೇನ್ರಿ?"

"ಇದ್ದೆ."

"ಆ ಹುಡುಗಿ ಕೈಲೆ ಹೇಳಿಸುವಾಗ?"

"ಆಗೂ ಇದ್ದೆ. ಹೆದರಿಕಿ ಆಗಿತ್ತು. ನೀವು ಬ್ಯಾಡ ಅಂತೀರಿ ಅಂತ."

"ನನಗೂ ಈಗ ಹೆದರಿಕಿ ಆಗಾಕತ್ತೈತ್ರಿ" ಎಂದ ಮೊಹಸಿನ, ದನಿ ಒಡೆದಿತ್ತು. "ಫಿಟ್ಸಿಗೆ ಅಲ್ಲ. ನಾಳೆ ನಮ್ಮ ಮನ್ಯಾಗ ಏನರೆ ಆದ್ರ ನೀವು ಹಿಂಗ ಸುಮ್ಮನ ಕುಂಡ್ರತೀರಿ ಅಂತ ಅನಿಸಾಕತ್ತೈತಿ. ಅಪ್ಪಾಗ ಹೇಳ್ತೀನ್ರಿ. ಮಾಫ್ ಮಾಡ್ರಿ." ಫೋನು ಇಟ್ಟ.

ಅವನು ಮಾಡಿದ್ದು ನ್ಯಾಯವೇ? ಒಂದೆರಡು ದಿನ ತಡೆದು ಯೋಚಿಸಬಹುದಿತ್ತು, ಅವ್ವನ ಒತ್ತಾಯವೆಂದು ಬಿಡಬಹುದಿತ್ತು, ಎಂದು ಯಾರಾದರೂ ಹೇಳಬಹುದು. ನಿಶಾತ ಹಾಗೆ ಹೇಳಲಿಲ್ಲ. ಮೊಬೈಲನ್ನು ದಾವಲಬಿಯ ಕೈಗೆ ಕೊಟ್ಟು, ಸಲಾಮು ಹೇಳಿ ಹೊರಗೆ ಬಂದಳು.

ಕೌಸರ ಕಟ್ಟೆಯ ಮೇಲೆ ಕೂತು ದಾವಲಬಿಯ ಮಗಳ ಜೊತೆ ಏನೋ ಮಾತಾಡುತ್ತಿದ್ದಳು. ಎದ್ದು ಓಡಿ ಬಂದಳು. ಮುಖ ಹಗುರಾಗಿತ್ತು.

"ಹೇಳಿದೇನತ್ತಿ? ಏನಂದ್ರು?"

ಸುಳ್ಳು ಹೇಳಬಹುದಿತ್ತು. ನಾಳೆ ತಿಳಿದೇ ತಿಳಿಯುತ್ತದೆ, ಇವತ್ತೊಂದು ದಿನ ಹುಡುಗಿ ನೆಮ್ಮದಿಯಿಂದ ಮಲಗಲಿ ಎಂದು ನಿಶಾತಳಿಗೆ ಅನ್ನಿಸಿತು ಕೂಡ. ಆದರೆ ಆ ಮುಖ ನೋಡಿ ಮತ್ತೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ಲಗ್ನ ನಿಂತತವಾ" ಅಂದಳು.

ಕೌಸರ ಅವಳನ್ನೇ ನೋಡುತ್ತ ನಿಂತಳು.

"ನಾ ಸುಳ್ಳು ಹೇಳಿದೆನಲ್ಲತ್ತಿ?" ಅಂದಳು. "ಅಜ್ಜಿ ಕಲಿಸಿದಂಗ ಒಂದೂ ತಪ್ಪದಂಗ ಹೇಳಿದೆನಲ್ಲ? ಆದ್ರೂ?"

ನಿಶಾತ ಅಲ್ಲೇ ಬೀದಿಯಲ್ಲಿ ಕುಕ್ಕರಿಸಿ, ಹುಡುಗಿಯನ್ನು ಎದೆಗೆ ಒತ್ತಿಕೊಂಡು, ಹೋಗುವವರು ಬರುವವರು ನಿಂತು ನೋಡುತ್ತಿದ್ದರೂ ಲೆಕ್ಕಿಸದೆ ಗಟ್ಟಿಯಾಗಿ ಅತ್ತಳು.